ಕ್ಲಿಕ್ ಮಾಡಿ ಜೋಡಿಸಿದ ಅಣುಗಳನ್ನು ಮತ್ತೆ ಬಿಡಿಸಬಹುದಾ?

ಪ್ರಶ್ನೆ: ನಾನು ಗೋಣಿಕೊಪ್ಪದ ಕಡೆಯವಳು. ಬಿ.ಎಸ್ಸಿ ಕೊನೆಯ ವರ್ಷದಲ್ಲಿದ್ದೇನೆ. 2022ರಲ್ಲಿ ನೊಬೆಲ್ ಬಂದ ಕ್ಲಿಕ್ ಕೆಮಿಸ್ಟ್ರಿ ಬಗ್ಗೆ ಕಾಲೇಜಿನಲ್ಲಿ ಸೆಮಿನಾರ್ ಕೊಡಬೇಕು. ಎರಡು ಅಣುಗಳನ್ನು ಸುಲಭವಾಗಿ ಜೋಡಿಸುವುದು ಅರ್ಥವಾಯಿತು. ಆದರೆ ಮತ್ತೆ ಬಿಡಿಸಬಹುದಾದ ಕ್ಲಿಕ್ ಕೂಡ ಇದೆ ಅಂತ ಓದಿದೆ. ಬಿಡಿಸಿದರೆ ಮೊದಲಿನ ಅಣುಗಳೇ ಸಿಗುತ್ತವಾ? ಬಿಡಿಸಬಹುದು ಅಂದರೆ ಬಂಧ ದುರ್ಬಲ ಅಂತಾನಾ? ನಮ್ಮ ಲ್ಯಾಬಿನಲ್ಲಿ ಇದನ್ನು ತೋರಿಸಬಹುದಾ? ಇದಕ್ಕೆ ಬೇಕಾದ ಫ್ಯೂರಾನ್ ಅನ್ನು ಕಾಫಿ ಸಿಪ್ಪೆಯಿಂದಲೇ ತೆಗೆಯಬಹುದು ಅಂತ ಅಣ್ಣ ಹೇಳುತ್ತಾನೆ. ನಿಜವಾ?

ಉತ್ತರ: ಬಿಡಿಸಬಹುದು, ಆದರೆ ಎಲ್ಲವನ್ನೂ ಅಲ್ಲ. ನೊಬೆಲ್ ತಂದುಕೊಟ್ಟ ತಾಮ್ರದ ಕ್ಲಿಕ್ ರಿಯಾಕ್ಷನ್ ಒಮ್ಮೆ ಆಯಿತೆಂದರೆ ಆಯಿತು, ಹಿಂದೆ ಬರುವುದಿಲ್ಲ. ಮುಂದೆ ಬಿಡಿಸಬೇಕು ಅಂತಿದ್ದರೆ ಜೋಡಿಸುವ ಮೊದಲೇ ಅದಕ್ಕೆ ತಕ್ಕ ಬೇರೆ ಜೋಡಿಯನ್ನು ಆರಿಸಿಕೊಳ್ಳಬೇಕು. ಯಾವುದರಿಂದ ಬಿಚ್ಚುತ್ತೇನೆ ಅನ್ನುವುದು ಮೊದಲು, ಯಾವುದರಿಂದ ಜೋಡಿಸುತ್ತೇನೆ ಅನ್ನುವುದು ಆಮೇಲೆ. ತೋಟದ ಗೇಟಿಗೆ ಬೀಗ ಹಾಕುವ ಮೊದಲು ಕೀಲಿ ಕೈಯಲ್ಲಿದೆಯಾ ಅಂತ ನೋಡಿಕೊಳ್ಳುತ್ತೇವಲ್ಲ, ಹಾಗೆ. ಮುಂದೆ ನಾನು ಕೀಲಿ ಅಂದಾಗಲೆಲ್ಲ ಬಂಧವನ್ನು ಬಿಚ್ಚುವ ಆ ಒಂದು ಕಾರಣ ಅಂತ ಓದಿಕೊಳ್ಳಿ. ಅದು ಬಿಸಿ ಇರಬಹುದು, ಬೆಳಕು ಇರಬಹುದು, ಹುಳಿ ಇರಬಹುದು, ಇನ್ನೊಂದು ಅಣುವೇ ಇರಬಹುದು.

ಹಿನ್ನೆಲೆ ನಿಮಗೆ ಗೊತ್ತಿರುತ್ತದೆ, ಬೇಗ ಹೇಳಿ ಮುಗಿಸುತ್ತೇನೆ. ಕ್ಲಿಕ್ ಕೆಮಿಸ್ಟ್ರಿಗೆ ಏನೇನು ಗುಣ ಇರಬೇಕು ಅಂತ 2001ರಲ್ಲಿ ಪಟ್ಟಿ ಮಾಡಿ ಬರೆದವರು ಬ್ಯಾರಿ ಶಾರ್ಪ್‌ಲೆಸ್, ಹಾರ್ಟ್ಮುತ್ ಕೋಲ್ಬ್ ಮತ್ತು ಎಂ.ಜಿ. ಫಿನ್. ಹಾಕಿದ್ದೆಲ್ಲ ಬೇಕಾದ ವಸ್ತುವೇ ಆಗಬೇಕು, ಕಸ ಕಡಿಮೆ ಉಳಿಯಬೇಕು, ನೀರಿನಂಥ ಸಾಧಾರಣ ದ್ರಾವಕದಲ್ಲೂ ನಡೆಯಬೇಕು, ಶುದ್ಧ ಮಾಡುವುದು ಸುಲಭ ಇರಬೇಕು. ಮರುವರ್ಷ ಡೆನ್ಮಾರ್ಕಿನಲ್ಲಿ ಮಾರ್ಟನ್ ಮೆಲ್ಡಾಲ್ ತಂಡ ಮತ್ತು ಅಮೆರಿಕದಲ್ಲಿ ಶಾರ್ಪ್‌ಲೆಸ್ ತಂಡ ಬೇರೆ ಬೇರೆಯಾಗಿ ಒಂದೇ ವಿಷಯ ಕಂಡುಕೊಂಡವು. ಅಝೈಡ್ (ಮೂರು ಸಾರಜನಕ ಸಾಲಾಗಿರುವ ಗುಂಪು) ಮತ್ತು ಆಲ್ಕೈನ್ (ಎರಡು ಇಂಗಾಲಗಳ ನಡುವೆ ಮೂರು ಬಂಧ ಇರುವ ಗುಂಪು) ಎರಡನ್ನೂ ತಾಮ್ರದ ಲವಣದ ಜೊತೆ ಬಿಟ್ಟರೆ ಅವು ಸೇರಿ ಟ್ರಯಝೋಲ್ ಅನ್ನುವ ಐದು ಪರಮಾಣುಗಳ ಉಂಗುರ ಆಗುತ್ತವೆ. ತಾಮ್ರ ಜೀವಕೋಶಕ್ಕೆ ವಿಷ. ಅದಕ್ಕೇ ಕ್ಯಾರೊಲಿನ್ ಬರ್ಟೋಝಿ 2004ರಲ್ಲಿ ತಾಮ್ರವೇ ಬೇಡದ ದಾರಿ ತೋರಿಸಿದರು. ಆಲ್ಕೈನನ್ನು ಎಂಟು ಇಂಗಾಲಗಳ ಉಂಗುರದಲ್ಲಿ ಬಿಗಿಯಾಗಿ ಬಗ್ಗಿಸಿದರೆ ಆ ಬಿಗಿತವೇ ರಿಯಾಕ್ಷನ್ನನ್ನು ನಡೆಸುತ್ತದೆ. ನೊಬೆಲ್ ಬಂದದ್ದು ಶಾರ್ಪ್‌ಲೆಸ್, ಮೆಲ್ಡಾಲ್ ಮತ್ತು ಬರ್ಟೋಝಿ ಈ ಮೂವರಿಗೆ.

ಈಗ ಟ್ರಯಝೋಲ್ ಯಾಕೆ ಬಿಚ್ಚುವುದಿಲ್ಲ ಅಂತ ನೋಡೋಣ. 2001ರ ಆ ಪಟ್ಟಿಯಲ್ಲೇ ಉತ್ತರ ಇದೆ. ಕ್ಲಿಕ್ ರಿಯಾಕ್ಷನ್ ಅಂದರೆ ಸಾಮಾನ್ಯವಾಗಿ ಮೋಲಿಗೆ 20 ಕಿಲೋಕ್ಯಾಲರಿಗಿಂತ ಜಾಸ್ತಿ ಶಕ್ತಿ ಇಳಿಯಬೇಕು ಅಂತ ಅವರು ಬರೆದಿದ್ದಾರೆ. ಅಷ್ಟು ಆಳಕ್ಕೆ ಇಳಿದ ಮೇಲೆ ವಾಪಸ್ ಹತ್ತಿಸುವುದು ಹೇಗೆ? ಟ್ರಯಝೋಲಿಗೆ ಮೇಲಿಂದ ಅರೋಮ್ಯಾಟಿಕ್ ಉಂಗುರದ ಭದ್ರತೆಯೂ ಇದೆ. ಅದನ್ನು ಬಿಚ್ಚುವಷ್ಟು ಬಿಸಿ ಮಾಡಿದರೆ ಅದಕ್ಕೂ ಮೊದಲೇ ಅಣುವಿನ ಉಳಿದ ಭಾಗ ಸುಟ್ಟು ಹೋಗುತ್ತದೆ.

ಇಲ್ಲೊಂದು ಎಚ್ಚರಿಕೆ. ಪಾಲಿಮರ್ ಸರಪಳಿಯ ನಡುವೆ ಟ್ರಯಝೋಲ್ ಇಟ್ಟು, ಅಲ್ಟ್ರಾಸೌಂಡಿನಿಂದ ಎಳೆದು ಅದನ್ನು ಅಝೈಡ್ ಮತ್ತು ಆಲ್ಕೈನ್ ಆಗಿ ಬಿಡಿಸಿದೆವು ಅನ್ನುವ ಪ್ರಬಂಧ 2011ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. ಆಮೇಲೆ ಆ ಪ್ರಬಂಧವನ್ನು ವಾಪಸ್ ಪಡೆಯಲಾಯಿತು. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಅದು ಇವತ್ತಿಗೂ ಸಿಗುತ್ತದೆ. ಸೆಮಿನಾರಿನಲ್ಲಿ ದಯವಿಟ್ಟು ಅದನ್ನು ಉದಾಹರಣೆಯಾಗಿ ಕೊಡಬೇಡಿ.

ಹಾಗಾದರೆ ಬಿಡಿಸಬಹುದಾದ ಕ್ಲಿಕ್ ಅನ್ನುವುದೇ ವಿರೋಧಾಭಾಸ ಅಲ್ವಾ? ಪಟ್ಟಿಯನ್ನು ಅಕ್ಷರಶಃ ಹಿಡಿದರೆ ಹೌದು. ಅದಕ್ಕೇ ಕೆಮಿಸ್ಟರು ಎರಡು ದಾರಿ ಹಿಡಿದಿದ್ದಾರೆ. ಈ ಎರಡರ ವ್ಯತ್ಯಾಸ ಸರಿಯಾಗಿ ಹಿಡಿದುಕೊಂಡರೆ ಸೆಮಿನಾರಿನ ಅರ್ಧ ಕೆಲಸ ಮುಗಿದ ಹಾಗೆ. ಒಂದು, ಬಂದ ದಾರಿಯಲ್ಲೇ ಹಿಂದೆ ಹೋಗುವುದು. ಇಲ್ಲಿ ಇಳಿಜಾರು ಕಡಿಮೆ ಇರುವ ಜೋಡಿಯನ್ನೇ ಬೇಕೆಂದು ಆರಿಸುತ್ತಾರೆ. ಬಿಸಿ ಕೊಟ್ಟರೆ ಸಮತೋಲನ ಹಿಂದಕ್ಕೆ ವಾಲುತ್ತದೆ. ಇನ್ನೊಂದು, ಬಂದ ದಾರಿ ಬಿಟ್ಟು ಬೇರೆ ದಾರಿಯಲ್ಲಿ ಹೊರಗೆ ಬರುವುದು. ಮೂರನೆಯ ಅಣುವೊಂದು ಬಂದು ಕೊಂಡಿಯನ್ನು ಕತ್ತರಿಸುತ್ತದೆ. ಅಲ್ಲಿ ಹಿಂದೆ ಹತ್ತುವ ಮಾತೇ ಇಲ್ಲ, ಮುಂದೆ ಇನ್ನೊಂದು ಇಳಿಜಾರು ಸಿಗುತ್ತದೆ.

ಮೊದಲ ದಾರಿಗೆ ಎಲ್ಲರೂ ಕೊಡುವ ಉದಾಹರಣೆ ಫ್ಯೂರಾನ್ ಮತ್ತು ಮ್ಯಾಲಿಮೈಡ್. ಇದು ನಿಮ್ಮ ಸಿಲಬಸ್‌ನಲ್ಲೇ ಇರುವ ಡೀಲ್ಸ್-ಆಲ್ಡರ್ ರಿಯಾಕ್ಷನ್. ಓಟ್ಟೊ ಡೀಲ್ಸ್ ಮತ್ತು ಕರ್ಟ್ ಆಲ್ಡರ್ 1928ರಲ್ಲಿ ಬರೆದದ್ದು, 1950ರಲ್ಲಿ ನೊಬೆಲ್ ಪಡೆದದ್ದು. ಫ್ಯೂರಾನಿನಲ್ಲಿ ನಾಲ್ಕು ಇಂಗಾಲ, ಒಂದು ಆಮ್ಲಜನಕ. ಮ್ಯಾಲಿಮೈಡಿನಲ್ಲಿ ರಿಯಾಕ್ಷನ್‌ಗೆ ಕಾದಿರುವ ಒಂದು ಜೋಡಿಬಂಧ. ಎರಡನ್ನೂ ಬೆರೆಸಿ 60 ಡಿಗ್ರಿ ಆಸುಪಾಸಿನಲ್ಲಿ ಬಿಟ್ಟರೆ ನಿಧಾನವಾಗಿ ಸೇರಿಕೊಳ್ಳುತ್ತವೆ. ತಾಮ್ರ ಬೇಡ, ಬೇರೆ ಕ್ರಿಯಾವರ್ಧಕವೂ ಬೇಡ. ಅದನ್ನೇ 110-120 ಡಿಗ್ರಿಗೆ ಏರಿಸಿದರೆ ಬಿಚ್ಚಿಕೊಂಡು ಮತ್ತೆ ಫ್ಯೂರಾನ್, ಮ್ಯಾಲಿಮೈಡ್ ಆಗುತ್ತವೆ. ಆರಿಸಿದರೆ ಪುನಃ ಸೇರುತ್ತವೆ.

ಬಿಸಿ ಯಾಕೆ ಬಿಡಿಸುತ್ತದೆ? ಗಿಬ್ಸ್ ಸಮೀಕರಣ ನೆನಪು ಮಾಡಿಕೊಳ್ಳಿ. ಎರಡು ಅಣು ಸೇರಿ ಒಂದಾದರೆ ಶಾಖ ಹೊರಬರುತ್ತದೆ, ಅದು ಲಾಭ. ಆದರೆ ಎರಡಾಗಿ ಓಡಾಡಿಕೊಂಡಿದ್ದದ್ದು ಒಂದಾಯಿತು, ಎಂಟ್ರೊಪಿ, ಅಂದರೆ ಚದುರಿ ಓಡಾಡುವ ಸ್ವಾತಂತ್ರ್ಯ, ಕಡಿಮೆಯಾಯಿತು, ಅದು ನಷ್ಟ. ಈ ನಷ್ಟವನ್ನು ಉಷ್ಣಾಂಶದಿಂದ ಗುಣಿಸಬೇಕು. ತಂಪಿನಲ್ಲಿ ಲಾಭ ಗೆಲ್ಲುತ್ತದೆ, ಬಿಸಿಯಲ್ಲಿ ನಷ್ಟ ಗೆಲ್ಲುತ್ತದೆ. ಟ್ರಯಝೋಲಿನಲ್ಲಿ ಲಾಭ ಎಷ್ಟು ದೊಡ್ಡದು ಅಂದರೆ ಲ್ಯಾಬಿನ ಯಾವ ಬಿಸಿಯೂ ಅದನ್ನು ಮುಟ್ಟಲಾರದು. ಫ್ಯೂರಾನ್ ಜೋಡಿಯಲ್ಲಿ ಲಾಭ ಚಿಕ್ಕದು, ಅದಕ್ಕೇ ನೂರು ಡಿಗ್ರಿ ದಾಟುವಷ್ಟರಲ್ಲಿ ಲೆಕ್ಕ ತಿರುಗುತ್ತದೆ.

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರವೂ ಇಲ್ಲೇ ಸಿಗುತ್ತದೆ. ಬಿಡಿಸಬಹುದು ಅಂದರೆ ದುರ್ಬಲ ಅಂತಲ್ಲ. ಫ್ಯೂರಾನ್ ಮತ್ತು ಮ್ಯಾಲಿಮೈಡ್ ನಡುವೆ ಹೊಸದಾಗಿ ಹುಟ್ಟುವ ಎರಡೂ ಬಂಧಗಳು ಇಂಗಾಲ-ಇಂಗಾಲದ ಬಂಧಗಳೇ. ಅಂಥ ಒಂದು ಬಂಧವನ್ನು ಸುಮ್ನೆ ಎಳೆದು ಕೀಳಬೇಕಾದರೆ ಮೋಲಿಗೆ ಸುಮಾರು 80 ಕಿಲೋಕ್ಯಾಲರಿ ಬೇಕು. ಆದರೆ ಇಲ್ಲಿ ಎರಡೂ ಒಟ್ಟಿಗೆ ಬಿಚ್ಚುತ್ತವೆ, ಬಿಚ್ಚುವ ಹೊತ್ತಿಗೇ ಹೊಸ ಜೋಡಿಬಂಧಗಳು ಮೂಡುತ್ತವೆ. ಕಳೆದುಕೊಂಡದ್ದರ ದೊಡ್ಡ ಪಾಲು ಅದೇ ಕ್ಷಣದಲ್ಲಿ ವಾಪಸ್ ಸಿಗುವುದರಿಂದ ಹತ್ತಬೇಕಾದ ದಿಣ್ಣೆ ತುಂಬಾ ತಗ್ಗುತ್ತದೆ. ಬಂಧ ಎಷ್ಟು ಗಟ್ಟಿ ಅನ್ನುವುದು ಬೇರೆ, ಅದಕ್ಕೆ ಬಿಚ್ಚುವ ದಾರಿ ಇದೆಯಾ ಅನ್ನುವುದು ಬೇರೆ. ಈ ಎರಡನ್ನು ಕಲಸಿಕೊಳ್ಳುವುದರಿಂದಲೇ ಮುಕ್ಕಾಲು ಪಾಲು ಗೊಂದಲ ಆಗುವುದು. ರೂಮಿನ ಉಷ್ಣಾಂಶದಲ್ಲಿ ಫ್ಯೂರಾನ್-ಮ್ಯಾಲಿಮೈಡ್ ಪಾಲಿಮರ್ ಗಟ್ಟಿಯಾದ ಪ್ಲಾಸ್ಟಿಕ್ಕೇ. ಅಮೆರಿಕದ ಫ್ರೆಡ್ ವೂಡ್ಲ್ ತಂಡ 2002ರಲ್ಲಿ ಇದೇ ಜೋಡಿಯಿಂದ ಪಾರದರ್ಶಕ ಪ್ಲಾಸ್ಟಿಕ್ ಮಾಡಿ, ಅದನ್ನು ಮುರಿದು, ಒತ್ತಿ ಹಿಡಿದು ಬಿಸಿ ಮಾಡಿ ಆರಿಸಿ, ಬಿರುಕು ಕೂಡಿಕೊಳ್ಳುವುದನ್ನು ತೋರಿಸಿತು. ಅಂಟು ಹಾಕಲಿಲ್ಲ, ಹೊಸ ರಾಸಾಯನಿಕ ಸೇರಿಸಲಿಲ್ಲ. ಒಂದೇ ಜಾಗವನ್ನು ಮತ್ತೆ ಮತ್ತೆ ಕೂಡಿಸಲೂ ಸಾಧ್ಯವಾಯಿತು.

ಇದು ಯಾಕೆ ದೊಡ್ಡ ವಿಷಯ ಅಂತ ಕೊಡಗಿನವರಿಗೆ ವಿವರಿಸುವುದು ಸುಲಭ. ಸಂಪಾಜೆ ಕಡೆ ರಬ್ಬರ್ ತೋಟ ಇದೆ. ಹಾಲು ಹೆಪ್ಪುಗಟ್ಟಿಸಿ ಮಾಡಿದ ಹಸಿ ರಬ್ಬರ್ ಶೀಟ್ ಬಿಸಿಗೆ ಮೆತ್ತಗಾಗುತ್ತದೆ, ಅಂಟುತ್ತದೆ. ಅದಕ್ಕೆ ಗಂಧಕ ಸೇರಿಸಿ ಬೇಯಿಸಿದರೆ ಸರಪಳಿಗಳ ನಡುವೆ ಗಂಧಕದ ಸೇತುವೆಗಳು ಬಂದು ಟೈರ್ ಆಗುತ್ತದೆ. ಆಮೇಲೆ ಎಷ್ಟು ಬಿಸಿ ಮಾಡಿದರೂ ಟೈರ್ ಕರಗಿ ಮತ್ತೆ ಹಸಿ ರಬ್ಬರ್ ಆಗುವುದಿಲ್ಲ, ಸುಟ್ಟೇ ಹೋಗುತ್ತದೆ. ಎಪಾಕ್ಸಿ ಅಂಟು, ಫೈಬರ್ ಗ್ಲಾಸ್ ಎಲ್ಲ ಇದೇ ಜಾತಿ. ಅಡ್ಡ ಸೇತುವೆಗಳ ಜಾಗದಲ್ಲಿ ಬಿಸಿಗೆ ಬಿಚ್ಚುವ ಕೊಂಡಿ ಇಟ್ಟರೆ ಬಳಸುವಾಗ ಟೈರಿನ ಹಾಗೆ ಗಟ್ಟಿ, ಕರಗಿಸಬೇಕಾದಾಗ ಮೇಣದ ಹಾಗೆ ಮೆದು ಆಗುವ ವಸ್ತು ಸಿಗುತ್ತದೆ. ಮರುಬಳಕೆಯ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯ ಗುರಿ ಇನ್ನೊಂದಿಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ.

ಆದರೆ ಪುಸ್ತಕದಲ್ಲಿ ಬಾಣದ ಗುರುತು ಎರಡೂ ಕಡೆ ಹಾಕಿದಷ್ಟು ಸಲೀಸಾಗಿ ಇದು ನಡೆಯುವುದಿಲ್ಲ. ಫ್ಯೂರಾನ್ ಮತ್ತು ಮ್ಯಾಲಿಮೈಡ್ ಎರಡು ಭಂಗಿಯಲ್ಲಿ ಸೇರಬಹುದು, ಎಂಡೊ ಮತ್ತು ಎಕ್ಸೊ. ಎಂಡೊ ಕಡಿಮೆ ಬಿಸಿಗೇ ಬಿಚ್ಚುತ್ತದೆ, ಎಕ್ಸೊಗೆ ಇನ್ನೂ ಜಾಸ್ತಿ ಬಿಸಿ ಬೇಕು. ನಿಮ್ಮ ಪಾಲಿಮರಿನಲ್ಲಿ ಎರಡೂ ಬೆರೆತಿದ್ದರೆ ಬಿಚ್ಚುವುದು ಒಂದೇ ಹಂತದಲ್ಲಿ ಆಗುವುದಿಲ್ಲ. ಇನ್ನೊಂದು, 150 ಡಿಗ್ರಿ ದಾಟಿ ಹೊತ್ತು ಬಿಟ್ಟರೆ ಬಿಚ್ಚಿಕೊಂಡ ಮ್ಯಾಲಿಮೈಡ್‌ಗಳು ತಮ್ಮತಮ್ಮಲ್ಲೇ ಸೇರಿ ಪಾಲಿಮರ್ ಆಗಿಬಿಡುತ್ತವೆ. ಆಗ ಫ್ಯೂರಾನಿಗೆ ಜೊತೆಗಾರ ಸಿಗುವುದಿಲ್ಲ. ಹೀಗೆ ಪ್ರತಿ ಸುತ್ತಿನಲ್ಲೂ ಸ್ವಲ್ಪ ಸ್ವಲ್ಪ ಕಳೆದುಹೋಗುತ್ತದೆ. ನೂರಕ್ಕೆ ನೂರು ವಾಪಸ್ ಅಂತ ಯಾರಾದರೂ ಬರೆದಿದ್ದರೆ ಎಷ್ಟು ಸುತ್ತಿನ ನಂತರ, ಎಷ್ಟು ಬಿಸಿಯಲ್ಲಿ ಅಂತ ಹುಡುಕಿ ಓದಿ.

ಕೀಲಿ ಬಿಸಿಯೇ ಆದರೂ ಜೋಡಿ ಬದಲಾದರೆ ಸ್ವಭಾವ ಬದಲಾಗುತ್ತದೆ. ಬೆಲ್ಜಿಯಂನ ಘೆಂಟ್ ವಿಶ್ವವಿದ್ಯಾಲಯದ ತಂಡ 2014ರಲ್ಲಿ ಟ್ರಯಝೋಲಿನ್‌ಡಯೋನ್ ಅನ್ನುವ ಅಣುವಿನಿಂದ ಇದನ್ನು ಚೆನ್ನಾಗಿ ತೋರಿಸಿತು. ಹೆಸರು ಉದ್ದ, ಆದರೆ ನೋಡುವುದಕ್ಕೆ ಬಹಳ ಚೆಂದ. ಇದರ ದ್ರಾವಣ ಕಡುಗೆಂಪು. ಇಂಡೋಲ್ ಅನ್ನುವ ಇನ್ನೊಂದು ಅಣು ಇರುವ ದ್ರಾವಣಕ್ಕೆ ತೊಟ್ಟು ತೊಟ್ಟಾಗಿ ಬಿಟ್ಟರೆ ಪ್ರತಿ ತೊಟ್ಟಿನ ಕೆಂಪು ಕಣ್ಣೆದುರೇ ಮಾಯವಾಗುತ್ತದೆ. ಜೋಡಣೆ ಆದ ತಕ್ಷಣ ಬಣ್ಣ ಹೋಗುವುದರಿಂದ ಇಂಡೋಲ್ ಮುಗಿದ ಕ್ಷಣವೂ ಗೊತ್ತಾಗುತ್ತದೆ, ಮುಂದಿನ ತೊಟ್ಟಿನ ಕೆಂಪು ಹಾಗೇ ಉಳಿಯುತ್ತದೆ. ನೀವು ಬ್ಯೂರೆಟ್ ಹಿಡಿದು ಮಾಡುವ ಟೈಟ್ರೇಷನ್ ಥರವೇ. ಈ ಜೋಡಿಯನ್ನು ಬಿಸಿ ಮಾಡಿದರೆ ಟ್ರಯಝೋಲಿನ್‌ಡಯೋನ್ ಇಂಡೋಲನ್ನು ಬಿಟ್ಟು ಬರುತ್ತದೆ. ಅಲ್ಲಿ ಡಯೀನ್ (ಎರಡು ಜೋಡಿಬಂಧ ಇರುವ ಅಣು) ಇದ್ದರೆ ಹೋಗಿ ಅದನ್ನು ಹಿಡಿದುಕೊಳ್ಳುತ್ತದೆ, ಮತ್ತೆ ಬಿಡುವುದಿಲ್ಲ. ಅಂದರೆ ಒಂದೇ ಅಣು ಒಬ್ಬರ ಜೊತೆ ತಾತ್ಕಾಲಿಕ, ಇನ್ನೊಬ್ಬರ ಜೊತೆ ಶಾಶ್ವತ. ಬಿಡಿಸಬಹುದಾ ಅನ್ನುವುದು ಒಂದು ಅಣುವಿನ ಗುಣ ಅಲ್ಲ, ಜೋಡಿಯ ಗುಣ.

ಬೆಳಕಿನ ಕೀಲಿಯೂ ಇದೆ. ಕೂಮರಿನ್ ಅಣುಗಳು 365 ನ್ಯಾನೋಮೀಟರ್ ಆಸುಪಾಸಿನ ಅತಿನೇರಳೆ ಬೆಳಕಿಗೆ ಎರಡೆರಡಾಗಿ ಸೇರುತ್ತವೆ, 254ರ ಬೆಳಕಿಗೆ ಬಿಚ್ಚುತ್ತವೆ. ತೆಳುವಾದ ಲೇಪಕ್ಕೆ ಇದು ಸರಿ. ದಪ್ಪ ವಸ್ತುವಿನ ಒಳಗೆ ಆ ಬೆಳಕು ಇಳಿಯುವುದೇ ಇಲ್ಲ.

ಈಗ ಎರಡನೇ ದಾರಿ, ಮೂರನೆಯ ಅಣು ಬಂದು ಬಿಡಿಸುವುದು. ಮೊದಲಿನ ಅಣುಗಳೇ ವಾಪಸ್ ಸಿಗುತ್ತವಾ ಅಂತ ಕೇಳಿದ್ದೀರಲ್ಲ, ಅದಕ್ಕೆ ಇಲ್ಲಿ ಹುಷಾರಾಗಿ ಉತ್ತರ ಕೊಡಬೇಕು. ಟೆಕ್ಸಾಸ್ ವಿಶ್ವವಿದ್ಯಾಲಯದ ಎರಿಕ್ ಆನ್ಸ್‌ಲಿನ್ ತಂಡ 2016ರಲ್ಲಿ ಇಂಥ ಒಂದು ಪದ್ಧತಿ ಪ್ರಕಟಿಸಿತು. ಮೆಲ್ಡ್ರಮ್ ಆಮ್ಲದಿಂದ ಮಾಡಿದ ಚಿಕ್ಕ ಅಣುವೊಂದು ನಡುವೆ ನಿಂತು ಒಂದು ಕಡೆ ಅಮೈನನ್ನು (ಸಾರಜನಕದ ಗುಂಪು), ಇನ್ನೊಂದು ಕಡೆ ಥಯೋಲನ್ನು (ಗಂಧಕ-ಜಲಜನಕದ ಗುಂಪು) ಹಿಡಿಯುತ್ತದೆ. ಪ್ರೋಟೀನುಗಳಲ್ಲಿ ಅಮೈನ್ ಮತ್ತು ಥಯೋಲ್ ಎರಡೂ ಹೇಗೂ ಇರುತ್ತವೆ, ಹೊಸ ಬಾಲ ಅಂಟಿಸುವ ಕೆಲಸ ಇಲ್ಲ. ನೀರಿನಲ್ಲಿ, ಹುಳಿಯೂ ಅಲ್ಲದ ಕ್ಷಾರವೂ ಅಲ್ಲದ ಸ್ಥಿತಿಯಲ್ಲಿ, ರೂಮಿನ ಉಷ್ಣಾಂಶದಲ್ಲೇ ಇದು ನಡೆಯುತ್ತದೆ. ಬಿಡಿಸಬೇಕಾದಾಗ ಡೈಥಯೋಥ್ರೀಟಾಲ್ ಹಾಕುತ್ತಾರೆ. ಅದರ ಎರಡು ಗಂಧಕದ ಕೈಗಳು ನಡುವಿನ ಅಣುವನ್ನು ತಾವೇ ಕಟ್ಟಿ ಹಿಡಿದು ಉಂಗುರ ಮಾಡಿಕೊಳ್ಳುತ್ತವೆ. ಅಮೈನ್ ಮತ್ತು ಥಯೋಲ್ ಎರಡೂ ಹಾಕಿದ ರೂಪದಲ್ಲೇ ಹೊರಬರುತ್ತವೆ, ಒಂದು ಪರಮಾಣುವೂ ಆಚೀಚೆ ಆಗುವುದಿಲ್ಲ. ಆದರೆ ನಡುವಿನ ಕೊಂಡಿ ಖರ್ಚಾಯಿತು. ಮತ್ತೆ ಜೋಡಿಸಬೇಕಾದರೆ ಹೊಸ ಕೊಂಡಿ ಬೇಕು. ಹಾಗಾಗಿ ಫ್ಯೂರಾನಿನ ಹಾಗೆ ಇದು ಹೋಗಿ ಬರುವ ಸಮತೋಲನ ಅಲ್ಲ. ಎರಡನ್ನೂ ಕೆಲವರು ಒಂದೇ ಹೆಸರಿನಲ್ಲಿ ಕರೆಯುತ್ತಾರೆ. ನೀವು ಸೆಮಿನಾರಿನಲ್ಲಿ ಬೇರೆ ಬೇರೆ ಮಾಡಿ ಹೇಳಿದರೆ ಕೇಳುವವರಿಗೆ ತುಂಬಾ ಉಪಕಾರ.

ಪ್ರೋಟೀನ್ ಕೆಲಸ ಮಾಡುವವರಿಗೆ ಇದು ಯಾಕೆ ಬೇಕು? ಜೀವಕೋಶದ ಸಾವಿರಾರು ಪ್ರೋಟೀನುಗಳಲ್ಲಿ ತಮಗೆ ಬೇಕಾದ್ದನ್ನು ಮಾತ್ರ ಹಿಡಿದು ಹೊರತೆಗೆಯಲು ಅವರು ಬಯೋಟಿನ್ ಅನ್ನುವ ಗುರುತು ಅಂಟಿಸುತ್ತಾರೆ. ಸ್ಟ್ರೆಪ್ಟಾವಿಡಿನ್ ಅನ್ನುವ ಪ್ರೋಟೀನ್ ಅದನ್ನು ಹಿಡಿಯುತ್ತದೆ. ಹಿಡಿತ ಎಷ್ಟು ಬಿಗಿ ಅಂದರೆ ಆಮೇಲೆ ಪ್ರೋಟೀನನ್ನು ಬಿಡಿಸಿಕೊಳ್ಳಲು ಕುದಿಸಬೇಕಾಗುತ್ತದೆ, ಅಷ್ಟರಲ್ಲಿ ಅದರ ಆಕಾರವೇ ಕೆಟ್ಟಿರುತ್ತದೆ. ಗುರುತು ಮತ್ತು ಪ್ರೋಟೀನಿನ ನಡುವೆ ಬಿಚ್ಚುವ ಕೊಂಡಿ ಇದ್ದರೆ ಮೆಲ್ಲಗೆ ಬಿಡಿಸಿಕೊಳ್ಳಬಹುದು.

ಔಷಧದಲ್ಲಿ ಕೀಲಿಯ ಪ್ರಶ್ನೆ ಇನ್ನೂ ಸೂಕ್ಷ್ಮ. ಕ್ಯಾನ್ಸರ್ ಕೋಶವನ್ನು ಹುಡುಕಿ ಹಿಡಿಯುವ ಆಂಟಿಬಾಡಿಗೆ ತೀಕ್ಷ್ಣವಾದ ಮದ್ದನ್ನು ಕಟ್ಟಿ ಕಳಿಸುತ್ತಾರೆ. ರಕ್ತದಲ್ಲಿ ಓಡಾಡುವಾಗ ಬಿಚ್ಚಬಾರದು, ಕೋಶದ ಒಳಗೆ ಹೋದ ಮೇಲೆ ಬಿಚ್ಚಲೇಬೇಕು. ಎರಡು ಕೀಲಿ ಪ್ರಕೃತಿಯೇ ಕೊಟ್ಟಿದೆ. ರಕ್ತದ ಪಿಎಚ್ 7.4, ಕೋಶದೊಳಗೆ ವಸ್ತುಗಳನ್ನು ಜೀರ್ಣಿಸುವ ಚೀಲವಾದ ಲೈಸೋಸೋಮಿನಲ್ಲಿ ಸುಮಾರು 5. ಹಾಗಾಗಿ ಹುಳಿಗೆ ಬಿಚ್ಚುವ ಹೈಡ್ರಝೋನ್ ಕೊಂಡಿ ಬಳಸಬಹುದು. ಇನ್ನೊಂದು, ಗ್ಲೂಟಾಥಯೋನ್ ಅನ್ನುವ ಗಂಧಕದ ಅಣು ರಕ್ತದ ದ್ರವದಲ್ಲಿ ತೀರಾ ಕಡಿಮೆ, ಕೋಶದ ಒಳಗೆ ಅದರ ನೂರಾರು ಪಟ್ಟು. ಹಾಗಾಗಿ ಗಂಧಕ-ಗಂಧಕದ ಡೈಸಲ್ಫೈಡ್ ಕೊಂಡಿ ಒಳಗೆ ಹೋದ ಮೇಲೆ ತುಂಡಾಗುತ್ತದೆ. ನಮ್ಮ ಕೂದಲಿನ ಆಕಾರ ಹಿಡಿದಿಟ್ಟಿರುವುದೂ ಇದೇ ಡೈಸಲ್ಫೈಡ್. ಪಾರ್ಲರಿನಲ್ಲಿ ಕೂದಲು ಪರ್ಮ್ ಮಾಡುವಾಗ ಹಚ್ಚುವ ಥಯೋಗ್ಲೈಕೊಲೇಟ್ ಅದನ್ನು ಬಿಚ್ಚುತ್ತದೆ, ಆಮೇಲೆ ಹಚ್ಚುವ ಪೆರಾಕ್ಸೈಡ್ ಹೊಸ ಜಾಗದಲ್ಲಿ ಮತ್ತೆ ಕಟ್ಟುತ್ತದೆ.

ಬೇಡದ ಕಡೆ ಬಿಚ್ಚಿದರೆ ಏನಾಗುತ್ತದೆ ಅನ್ನುವುದಕ್ಕೂ ಇಲ್ಲೇ ಉದಾಹರಣೆ ಇದೆ. ಥಯೋಲ್ ಮತ್ತು ಮ್ಯಾಲಿಮೈಡ್ ಸೇರುವುದನ್ನು ಬಹಳ ಕಾಲ ಶಾಶ್ವತ ಜೋಡಣೆ ಅಂತಲೇ ನಂಬಿ ಬಳಸುತ್ತಿದ್ದರು. ಆದರೆ ರಕ್ತದಲ್ಲಿ ಅದು ನಿಧಾನವಾಗಿ ಹಿಂದೆ ಬರುತ್ತದೆ. ಬಿಚ್ಚಿಕೊಂಡ ಮ್ಯಾಲಿಮೈಡ್ ಮದ್ದಿನ ಸಮೇತ ರಕ್ತದ ಆಲ್ಬುಮಿನ್ ಪ್ರೋಟೀನಿನ ಮೇಲಿನ ಸಿಸ್ಟೀನನ್ನು (ಥಯೋಲ್ ಇರುವ ಅಮೈನೋ ಆಮ್ಲ) ಹಿಡಿದುಕೊಳ್ಳುತ್ತದೆ. ಮದ್ದು ತಲುಪಬೇಕಾದ ಕಡೆ ತಲುಪುವುದಿಲ್ಲ. ಇದಕ್ಕೆ ಕಂಡುಕೊಂಡ ಪರಿಹಾರ ನನಗೆ ಬಹಳ ಇಷ್ಟ. ಜೋಡಣೆ ಆದ ಮೇಲೆ ಆ ಐದರ ಉಂಗುರವನ್ನು ನೀರಿನಿಂದ ಒಡೆದುಬಿಡುತ್ತಾರೆ. ಉಂಗುರ ಒಡೆದ ಮೇಲೆ ಹಿಂದೆ ಹೋಗುವ ದಾರಿ ಮುಚ್ಚಿತು, ಬಂಧ ಭದ್ರವಾಯಿತು.

ಇನ್ನು ಲ್ಯಾಬಿನ ವಿಷಯ. ಅಝೈಡ್ ಮುಟ್ಟಬೇಡಿ. ಸೋಡಿಯಂ ಅಝೈಡ್ ಘೋರ ವಿಷ, ಹುಳಿ ತಾಗಿದರೆ ವಿಷಗಾಳಿ ಬಿಡುತ್ತದೆ, ಚಿಕ್ಕ ಅಝೈಡ್ ಅಣುಗಳು ಸಿಡಿಯುತ್ತವೆ. ಫ್ಯೂರಾನ್ ಕುದಿಯುವುದು 31 ಡಿಗ್ರಿಗೆ, ಕುಶಾಲನಗರದ ಏಪ್ರಿಲ್ ಸೆಕೆಯೇ ಸಾಕು. ಬೇಗ ಬೆಂಕಿ ಹತ್ತುತ್ತದೆ, ಕ್ಯಾನ್ಸರ್ ತರಬಹುದಾದ ವಸ್ತುಗಳ ಪಟ್ಟಿಯಲ್ಲೂ ಇದೆ. ಒಳ್ಳೆಯ ಫ್ಯೂಮ್ ಹುಡ್ ಮತ್ತು ಜೊತೆಗೆ ನಿಲ್ಲುವ ಅಧ್ಯಾಪಕರು ಇಲ್ಲದಿದ್ದರೆ ಅದೂ ಬೇಡ.

ಅದರ ಬದಲು ಬಿಳಿಗಾರ, ಅಂದರೆ ಬೋರಾಕ್ಸ್ ತೆಗೆದುಕೊಳ್ಳಿ. ಇದು ಪಟ್ಟಿಯ ಪ್ರಕಾರ ಕ್ಲಿಕ್ ಅಲ್ಲ, ಆದರೆ ಬೋರಾನ್ ಮತ್ತು ಅಕ್ಕಪಕ್ಕದ ಎರಡು ಹೈಡ್ರಾಕ್ಸಿಲ್‌ಗಳ ಈ ಜೋಡಣೆ ಬಿಡಿಸಬಹುದಾದ ಬಂಧಗಳಲ್ಲಿ ತುಂಬಾ ಬಳಕೆಯಲ್ಲಿರುವಂಥದ್ದು. ಸಕ್ಕರೆ ಕಾಯಿಲೆಗೆ ಗ್ಲೂಕೋಸ್ ಅಳೆಯುವ ಸಂವೇದಕಗಳನ್ನೂ ಇದರ ಮೇಲೆ ಕಟ್ಟಿದ್ದಾರೆ. 100 ಮಿಲಿಲೀಟರ್ ನೀರಿಗೆ ಸುಮಾರು ಒಂದು ಗ್ರಾಂ ಬಿಳಿಗಾರ ಕರಗಿಸಿ. ಎರಡು ತೊಟ್ಟು ಫಿನಾಲ್ಫ್ಥಲೀನ್ ಹಾಕಿದರೆ ಚೆನ್ನಾಗಿ ಗುಲಾಬಿ ಬರುತ್ತದೆ, ಯಾಕಂದರೆ ಪಿಎಚ್ 9ರ ಮೇಲಿದೆ. ಈಗ ಮೆಡಿಕಲ್ ಶಾಪಿನ ಗ್ಲಿಸರಿನ್ ಅನ್ನು ತೊಟ್ಟು ತೊಟ್ಟಾಗಿ ಹಾಕುತ್ತಾ ಕಲಕಿ. ಗ್ಲಿಸರಿನ್ ಬೋರೇಟನ್ನು ಹಿಡಿಯುತ್ತಾ ಹೋದಂತೆ ದ್ರಾವಣದ ಹುಳಿ ಜಾಸ್ತಿಯಾಗಿ ಗುಲಾಬಿ ಮಾಯವಾಗುತ್ತದೆ. ಬಣ್ಣ ಹೋದ ತಕ್ಷಣ ನಿಲ್ಲಿಸಬೇಕು, ಇದೇ ಮುಖ್ಯ. ಜಾಸ್ತಿ ಹಾಕಿದರೆ ಮುಂದಿನದ್ದು ಆಗುವುದಿಲ್ಲ.

ಆ ದ್ರಾವಣವನ್ನು ಟೆಸ್ಟ್ ಟ್ಯೂಬಿಗೆ ಹಾಕಿ ಬಿಸಿನೀರಿನಲ್ಲಿ ಇಡಿ. ಗುಲಾಬಿ ವಾಪಸ್ ಬರುತ್ತದೆ. ತಣ್ಣೀರಿಗೆ ಹಾಕಿ, ಹೋಗುತ್ತದೆ. ಡಿಸೆಂಬರಿನ ಮಡಿಕೇರಿಯಾದರೆ ನಲ್ಲಿ ನೀರೇ ಸಾಕು, ಐಸ್ ಬೇಡ. ಬಿಸಿಯಲ್ಲಿ ಜೋಡಿ ಬಿಚ್ಚಿತು, ತಂಪಿನಲ್ಲಿ ಸೇರಿತು. ಮೇಲೆ ಹೇಳಿದ ಗಿಬ್ಸ್ ಲೆಕ್ಕ ಬಣ್ಣದಲ್ಲೇ ಕಾಣುತ್ತದೆ.

ಪಾಲಿಮರಿನಲ್ಲಿ ತೋರಿಸಬೇಕೆಂದರೆ ಶೇಕಡಾ 4ರ ಪಾಲಿವಿನೈಲ್ ಆಲ್ಕೋಹಾಲ್ ದ್ರಾವಣ 40 ಮಿಲಿಲೀಟರ್, ಶೇಕಡಾ 4ರ ಬಿಳಿಗಾರದ ದ್ರಾವಣ 10 ಮಿಲಿಲೀಟರ್ ಬೆರೆಸಿ ಕಲಕಿ. ಮಕ್ಕಳು ಆಡುವ ಸ್ಲೈಮ್ ಬರುತ್ತದೆ. ಅದನ್ನು ಉಂಡೆ ಮಾಡಿ ಇಟ್ಟರೆ ನಿಧಾನವಾಗಿ ಹರಡಿ ಚಪ್ಪಟೆಯಾಗುತ್ತದೆ. ಥಟ್ಟನೆ ಎಳೆದರೆ ತುಂಡಾಗುತ್ತದೆ. ಕೊಂಡಿಗಳು ಸದಾ ಬಿಚ್ಚಿ ಸೇರುತ್ತಲೇ ಇರುವುದರಿಂದ ಹೀಗೆ. ನಿಧಾನಕ್ಕೆ ಎಳೆದಾಗ ಬಿಚ್ಚಿ ಬೇರೆ ಕಡೆ ಸೇರಲು ಅವಕ್ಕೆ ಹೊತ್ತು ಸಿಗುತ್ತದೆ, ಬೇಗ ಎಳೆದರೆ ಸಿಗುವುದಿಲ್ಲ. ಇದಕ್ಕೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ತೊಟ್ಟಾಗಿ ಹಾಕಿ ಕಲಕಿದರೆ ನೀರಾಗುತ್ತದೆ. ಸೋಡಿಯಂ ಹೈಡ್ರಾಕ್ಸೈಡ್ ಹಾಕಿದರೆ ಮತ್ತೆ ಗಟ್ಟಿಯಾಗುತ್ತದೆ. ಇಲ್ಲಿ ಕೀಲಿ ಹುಳಿ. ಕೊಡಗಿನ ಕಪ್ಪು ವಿನಿಗರ್ ಕಾಚಂಪುಳಿಯ ಹುಳಿಗೂ ಇದು ನೀರಾಗಬೇಕು, ಆದರೆ ಅದರ ಕಪ್ಪಿಗೆ ಏನೂ ಸರಿಯಾಗಿ ಕಾಣುವುದಿಲ್ಲ. ಬಿಳಿಗಾರ ಹೊಟ್ಟೆಗೆ ಹೋಗಬಾರದು, ಕೈ ತೊಳೆದುಕೊಳ್ಳಿ.

ಕೊನೆಗೆ ಅಣ್ಣನ ಮಾತು. ಅದು ನಿಜ, ಆದರೆ ನೇರವಾಗಿ ಫ್ಯೂರಾನ್ ಸಿಗುವುದಿಲ್ಲ. ಕಾಫಿ ಸಿಪ್ಪೆ ಮತ್ತು ಪಾರ್ಚ್‌ಮೆಂಟ್ ಹೊಟ್ಟಿನಲ್ಲಿ (ಬೀಜದ ಮೇಲಿನ ಒಣ ಹೊದಿಕೆ) ಐದು ಇಂಗಾಲದ ಸಕ್ಕರೆಗಳಿಂದಾದ ನಾರು ಇದೆ. ಅದನ್ನು ಆಮ್ಲದ ಜೊತೆ ಕುದಿಸಿದರೆ ಸಕ್ಕರೆ ನೀರು ಕಳೆದುಕೊಂಡು ಫರ್ಫ್ಯೂರಲ್ ಆಗುತ್ತದೆ. ಅದರಿಂದ ಫರ್ಫ್ಯೂರಿಲ್ ಆಲ್ಕೋಹಾಲ್, ಫರ್ಫ್ಯೂರಿಲ್ ಅಮೈನ್ ಮಾಡಬಹುದು. ಪಾಲಿಮರಿಗೆ ಬೇಕಾಗಿರುವುದು ಹೆಚ್ಚಾಗಿ ಇವೇ. ಕೈಗಾರಿಕೆಯಲ್ಲಿ ಜೋಳದ ದಿಂಡು ಮತ್ತು ಕಬ್ಬಿನ ಸಿಪ್ಪೆಯಿಂದ ಇದನ್ನು ತೆಗೆಯುತ್ತಾರೆ.

ಫ್ಯೂರಾನ್ ಉಂಗುರ ಕಾಫಿಗೆ ಹೊಸದೇನಲ್ಲ. ಹುರಿದ ಕಾಫಿಯ ಘಮಕ್ಕೆ ದೊಡ್ಡ ಕಾರಣ ಫರ್ಫ್ಯೂರಿಲ್ ಥಯೋಲ್ ಅನ್ನುವ ಅಣು. ಹೆಸರಲ್ಲೇ ಇದೆ ನೋಡಿ, ಒಂದು ಕಡೆ ಫ್ಯೂರಾನ್, ಇನ್ನೊಂದು ಕಡೆ ಥಯೋಲ್. ನಾವು ಇಷ್ಟೊತ್ತು ಮಾತಾಡಿದ ಎರಡೂ ಒಂದೇ ಅಣುವಿನಲ್ಲಿ. ಬೆಳಿಗ್ಗೆ ಫ್ಲಾಸ್ಕಿಗೆ ಹಾಕಿ ತೋಟಕ್ಕೆ ಒಯ್ದ ಕಾಫಿ ಮಧ್ಯಾಹ್ನ ಬಿಸಿ ಇದ್ದರೂ ಘಮ ಕಳೆದುಕೊಂಡಿರುತ್ತದೆ ಅಲ್ವಾ? ಘಮ ಹಾರಿ ಹೋಗುವುದೊಂದೇ ಕಾರಣ ಅಲ್ಲ. ಆ ಥಯೋಲ್ ಕಾಫಿಯ ಕಂದು ಬಣ್ಣದ ಮೆಲನಾಯ್ಡಿನ್‌ಗಳಿಗೆ ಬಂಧ ಕಟ್ಟಿಕೊಂಡು ಕೂತುಬಿಡುತ್ತದೆ.

ಸಿಪ್ಪೆಯಿಂದ ಫರ್ಫ್ಯೂರಲ್ ತೆಗೆಯುವುದನ್ನು ತೋಟದ ಮಟ್ಟದಲ್ಲಿ ವ್ಯಾಪಾರವಾಗಿ ಶುರುಮಾಡಿ ಅಂತ ನಾನು ಹೇಳುವುದಿಲ್ಲ. ಆಮ್ಲ ಬೆರೆತ ನೀರನ್ನು ಎಲ್ಲಿ ಬಿಡುತ್ತೀರಿ? ಪಲ್ಪಿಂಗ್ ನೀರು ತೋಡಿಗೆ ಸೇರಿದರೆ ಏನಾಗುತ್ತದೆ ಅಂತ ನಮಗೆಲ್ಲ ಗೊತ್ತು, ಆ ತೋಡುಗಳೆಲ್ಲ ಕೊನೆಗೆ ಸೇರುವುದು ಹೊಳೆಯನ್ನೇ. ಸಣ್ಣ ತೋಟಕ್ಕೆ ಸಿಪ್ಪೆ ಗೊಬ್ಬರವಾಗುವುದೇ ಲಾಭ.

ಆದರೆ ಕಾಲೇಜಿನ ಪ್ರಾಜೆಕ್ಟಿಗೆ ಇದು ಒಳ್ಳೆಯ ವಿಷಯ. ಸಿಪ್ಪೆಯ ಪುಡಿಗೆ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಫ್ಯೂಮ್ ಹುಡ್ ಒಳಗೆ ಕುದಿಸಿ, ಬರುವ ಹಬೆಗೆ ಅನಿಲೀನ್ ಅಸಿಟೇಟ್‌ನಲ್ಲಿ ಅದ್ದಿದ ಫಿಲ್ಟರ್ ಪೇಪರ್ ಹಿಡಿಯಿರಿ. ಫರ್ಫ್ಯೂರಲ್ ಇದ್ದರೆ ಪೇಪರ್ ಕೆಂಪಾಗುತ್ತದೆ. ಅನಿಲೀನ್ ಚರ್ಮದ ಮೂಲಕವೂ ಒಳಗೆ ಹೋಗುವ ವಿಷ, ಹಾಗಾಗಿ ಕೈಗವಸು ಬೇಕೇ ಬೇಕು, ಅಧ್ಯಾಪಕರು ಪಕ್ಕದಲ್ಲೇ ಇರಬೇಕು. ಅರೇಬಿಕಾ ಪಾರ್ಚ್‌ಮೆಂಟ್ ಹೊಟ್ಟು ಒಂದು, ರೊಬಸ್ಟಾ ಚೆರಿ ಸಿಪ್ಪೆ ಒಂದು, ಎರಡನ್ನೂ ಒಂದೇ ತೂಕದಲ್ಲಿ ತೆಗೆದುಕೊಂಡು ಯಾವುದು ಬೇಗ ಕೆಂಪಾಗುತ್ತದೆ ಅಂತ ನೋಡಿ ಬರೆದಿಡಿ.